ಬೀಗರ ಷೇರು

ಅಕ್ಟೋಬರ್ ೧

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಎಡಗಿವಿ ಪೂರ್ತಿ ರಜೆ ಹಾಕಿದೆ, ಬಲಗಿವಿ ಅರ್ಧ ದಿನ ಕೆಲಸ ಮಾಡುತ್ತದೆ. ಹಾಗಾಗಿ ಫೋನಿನ ಸಹವಾಸ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಮಗಳ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಮದುವೆಯ ಹೊತ್ತಿನಲ್ಲೇ ನಾವಿಬ್ಬರೂ ಒಂದು ಮಾತು ಮಾಡಿಕೊಂಡಿದ್ದೆವಲ್ಲ, ಹಣದ ವಿಷಯ ಬೀಗರ ನಡುವೆಯೇ ಇರಬೇಕು, ಮಕ್ಕಳ ಬಾಯಲ್ಲಿ ಹಾದುಹೋಗಬಾರದು ಅಂತ. ಎಂಟು ವರ್ಷ ಅದನ್ನು ಮುರಿದಿಲ್ಲ, ಈಗ ಯಾಕೆ ಮುರಿಯಬೇಕು?

ವಿಷಯ ನಿಮಗೂ ಗೊತ್ತಾಗಿರುತ್ತದೆ. ಮಕ್ಕಳು ಬಾಡಿಗೆಗೆ ಕನ್ನಡಕದ ಅಂಗಡಿ ಇಟ್ಟಿರುವ ಜಾಗವನ್ನು ಮಾಲೀಕ ಮಾರುತ್ತಿದ್ದಾನೆ. ಮುಂದಿನ ಅಂಗಡಿ, ಹಿಂದಿನ ಕೋಣೆ, ಎರಡೂ ಸೇರಿ. ಅಳಿಯಂದಿರಿಗೆ ಮೊದಲ ಅವಕಾಶ ಕೊಟ್ಟಿದ್ದಾನೆ, ಆದರೆ ಈ ತಿಂಗಳ ಮೂವತ್ತೊಂದೇ ಗಡುವು. ಅಷ್ಟರೊಳಗೆ ಹಣ ಕಟ್ಟದಿದ್ದರೆ ಬೇರೆಯವರ ಪಾಲು. ಮಗಳು ಕಣ್ಣು ಪರೀಕ್ಷೆ ಮಾಡಿ, ಅಳಿಯಂದಿರು ಗಾಜು ಅರೆದು, ಒಬ್ಬೊಬ್ಬರೇ ಗಿರಾಕಿಯನ್ನು ಕಟ್ಟಿಕೊಂಡ ಬೀದಿ ಅದು. ಅಲ್ಲಿಂದ ಎಬ್ಬಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಹಾಗಾಗಿ ಮದುವೆಯಲ್ಲಿ ಅವರಿಗಾಗಿ ನಮ್ಮಿಬ್ಬರ ಜಂಟಿ ಹೆಸರಿನಲ್ಲಿ ಕೊಂಡಿಟ್ಟ ಷೇರು ಮಾರುವ ಕಾಲ ಬಂತು. ಇವತ್ತಿನ ಬೆಲೆ ಆರು ನೂರ ನಲವತ್ತು. ಮುಖ ನೋಡಿ ಹಾಜರಿ ಹಾಕುವ ಯಂತ್ರ ಯಾರು ಕೊಳ್ಳುತ್ತಾರೆ ಅಂತ ಅಂದು ನಕ್ಕವರೆಲ್ಲ ಈಗ ಅದರ ಮುಂದೆಯೇ ಕತ್ತು ಚಾಚಿ ನಿಲ್ಲುತ್ತಿದ್ದಾರೆ! ಇವತ್ತು ಮಾರಿದರೆ ಅಂಗಡಿಗೂ ಕೋಣೆಗೂ ಸರಿಯಾಗಿ ಆಗುತ್ತದೆ. ಆದರೆ ಹತ್ತೊಂಬತ್ತನೇ ತಾರೀಖು ಕಂಪನಿಯ ಮೂರು ತಿಂಗಳ ಲೆಕ್ಕ ಹೊರಬೀಳುತ್ತದೆ. ಎಂಟು ನೂರು ಮುಟ್ಟುತ್ತದೆ ಅಂತ ಎಲ್ಲರ ಮಾತು. ಆಗ ಮಗಳಿಗೆ ಒಂದು ಹೊಸ ಕಣ್ಣು ಪರೀಕ್ಷೆಯ ಯಂತ್ರವೂ ಬಂದೀತು.

ತಡೆಯೋಣ ಅಂತ ನನ್ನ ಮನಸ್ಸು. ಆದರೆ ನೀವು ಗಂಡಿನ ಕಡೆಯವರು, ನಿಮ್ಮನ್ನು ಮೀರಿ ನಾನು ಹೋಗುವುದುಂಟೆ? ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ. ಫಾರಂ ಇಟ್ಟಿದ್ದೇನೆ. ಇಬ್ಬರ ಸಹಿಯೂ ಶಾಯಿಯಲ್ಲೇ ಬೇಕು ಅಂತ ಇಲ್ಲಿನ ಏಜೆಂಟರ ಕಚೇರಿಯ ಗುಮಾಸ್ತನ ಹಟ.

ನಿಮ್ಮ ಬೀಗ


ಅಕ್ಟೋಬರ್ ೬

ಬೀಗರಿಗೆ ನಮಸ್ಕಾರ.

ನಿಮ್ಮ ಕಾಗದ ನಿನ್ನೆ ತಲುಪಿತು. ಕಿವಿಯ ವಿಷಯ ಓದಿ ಬೇಸರವಾಯಿತು. ಡಾಕ್ಟರಿಗೆ ತೋರಿಸಿ. ಇಷ್ಟು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ನಾನು ಮೇಲ್ವಿಚಾರಕಿ, ನನ್ನ ಮೊಣಕಾಲನ್ನು ನಾನೇ ಯಾರಿಗೂ ತೋರಿಸಿಲ್ಲ, ಆ ಮಾತು ಬೇರೆ.

ನಮ್ಮ ಷೇರಿನ ಕಂಪನಿಯ ಯಂತ್ರದ ವಿಷಯ ನಿಮಗೆ ತಿಳಿಸಬೇಕು ಅನ್ನಿಸಿತು. ಆರು ತಿಂಗಳ ಹಿಂದೆ ಅದನ್ನು ನಮ್ಮ ಬಾಗಿಲಿಗೂ ತಂದು ಹಾಕಿದರು. ಒಳಗೆ ಕುದಿಯುವ ನೀರು, ಆವಿ. ಹೊರಗೆ ಬರುವಾಗ ನಮ್ಮ ಮುಖ ಕೆಂಪಗಾಗಿ, ಊದಿ, ನೀರಿಳಿಯುತ್ತಿರುತ್ತದೆ. ಬೆಳಿಗ್ಗೆ ಒಳಗೆ ಹೋದ ಮುಖ ಸಂಜೆ ಬಂದ ಮುಖ ಒಂದೇ ಅಂತ ಆ ಯಂತ್ರ ಒಪ್ಪುವುದೇ ಇಲ್ಲ. ಕಳೆದ ವಾರ ನಮ್ಮ ಮೂವರಿಗೆ ಅರ್ಧ ದಿನದ ಸಂಬಳ ಹೋಯಿತು. ಆಫೀಸಿನವನನ್ನು ಕೇಳಿದರೆ, "ಅಮ್ಮಾ, ಮುಖ ಸರಿಯಾಗಿ ತೋರ್ಸಿ" ಅಂದ. "ಇರೋದು ಇದೊಂದೇ ಮುಖ ಕಣಪ್ಪ, ಬೇರೆ ಎಲ್ಲಿಂದ ತರ್ಲಿ?" ಅಂದೆ. ನಾವೇ ಹಣ ಹಾಕಿದ ಕಂಪನಿಗೆ ನಮ್ಮದೇ ಗುರುತಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ!

ಇರಲಿ. ಫಾರಮಿಗೆ ಸಹಿ ಹಾಕಿ ಇದರ ಜೊತೆಗೇ ಕಳಿಸಿದ್ದೇನೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಂಚೆ ತಲುಪಿದ ದಿನವೇ ಹಾಕಿಕೊಂಡರೂ ನನ್ನದೇನೂ ಅಡ್ಡಿ ಇಲ್ಲ. ನೀವು ತಿಳಿದವರು. ಕಂಪನಿ ಆರಿಸಿದವರೂ ನೀವೇ. ನಿಮ್ಮ ಇಷ್ಟದಂತೆ ಆಗಲಿ.

ಇಂತಿ ನಿಮ್ಮ ಬೀಗಿತ್ತಿ


ಅಕ್ಟೋಬರ್ ೧೦

ಬೀಗಿತ್ತಿಯವರಿಗೆ ನಮಸ್ಕಾರಗಳು.

ಫಾರಂ ತಲುಪಿತು. ನೀವು ನನ್ನ ಮೇಲೆ ಇಟ್ಟ ನಂಬಿಕೆ ನೋಡಿ ಹೃದಯ ತುಂಬಿತು. ಮೇಜಿನ ಖಾನೆಯಲ್ಲಿ, ತೂಕದ ಬಟ್ಟುಗಳ ಪೆಟ್ಟಿಗೆಯ ಕೆಳಗೆ ಭದ್ರವಾಗಿ ಇಟ್ಟಿದ್ದೇನೆ.

ಯಂತ್ರದ ವಿಷಯಕ್ಕೆ ಒಂದು ಸಲಹೆ. ನಾನು ನಲವತ್ತು ವರ್ಷ ತಕ್ಕಡಿ ಬಿಚ್ಚಿ ಕಟ್ಟಿದವನು. ಯಂತ್ರ ಯಾವತ್ತೂ ಸುಳ್ಳು ಹೇಳುವುದಿಲ್ಲ, ನಾವು ನಿಲ್ಲುವ ರೀತಿಯಲ್ಲಿ ತಪ್ಪಿರುತ್ತದೆ. ಒಣ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಒಂದು ಮಾರು ದೂರದಲ್ಲಿ, ಗದ್ದ ಸ್ವಲ್ಪ ಮೇಲೆತ್ತಿ ನಿಂತು ನೋಡಿ. ನಿಮ್ಮ ಹೆಂಗಸರಿಗೂ ಹೇಳಿಕೊಡಿ.

ನಿನ್ನೆ ಕ್ಷೌರದಂಗಡಿಗೆ ಹೋಗಿದ್ದೆ. ನಮ್ಮ ಬೀದಿಯ ಷೇರುಪೇಟೆ ಅದು. ಬಸ್ಸಿನ ಹಳೇ ಕಂಡಕ್ಟರ್, ಔಷಧದಂಗಡಿಯವನು, ನಾನು, ನಾಲ್ಕನೆಯವನು ಕ್ಷೌರಿಕ. ನಾಲ್ವರ ಬಳಿಯೂ ಇದೇ ಕಂಪನಿಯ ಷೇರಿದೆ. ಗೋಡೆಯ ಮೇಲಿನ ಟೀವಿಯಲ್ಲಿ ಬೆಲೆ ಓಡುತ್ತಿರುತ್ತದೆ. ನನ್ನ ಗಂಟಲಿಗೆ ಕತ್ತಿ ಇಟ್ಟು ಕ್ಷೌರಿಕ ಕೇಳಿದ, "ಮಾರ್ಬಿಟ್ರಾ ಸಾರ್?" ನಾನು ಇಲ್ಲ ಅಂತ ತಲೆ ಆಡಿಸುವ ಹಾಗೂ ಇಲ್ಲ. ಕಂಡಕ್ಟರ್ ಪಕ್ಕದಿಂದ, "ಮಾರೋದಾ? ಹತ್ತೊಂಬತ್ತರವರೆಗೆ ಯಾರೂ ಇಳಿಯೋ ಹಾಗಿಲ್ಲ, ಕೊನೇ ಸ್ಟಾಪು ಎಂಟು ನೂರು" ಅಂತ ಕೂಗಿದ. ಔಷಧದಂಗಡಿಯವನೊಬ್ಬ ಮಾತ್ರ, "ಎಲ್ಲರೂ ಏರುತ್ತೆ ಅಂದಾಗ ನಂಗೆ ಎದೆ ಉರಿ ಶುರುವಾಗುತ್ತೆ" ಅಂದ. ಅವನು ಯಾವಾಗಲೂ ಹಾಗೇ, ತನ್ನ ಮಾತ್ರೆಗಳನ್ನೇ ನಂಬದವನು.

ಒಂಬತ್ತು ದಿನ ತಾನೇ. ತಡೆಯೋಣ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಒಂದು ಸಾಲು ಬರೆದರೆ ಸಾಕು, ಮರುಮಾತಿಲ್ಲ.

ನಿಮ್ಮ ಬೀಗ


ಅಕ್ಟೋಬರ್ ೧೪

ಬೀಗರಿಗೆ ನಮಸ್ಕಾರ.

ನೀವು ಹೇಳಿದಂತೆ ಮುಖ ಒರೆಸಿಕೊಂಡು, ಗದ್ದ ಎತ್ತಿ, ಒಂದು ಮಾರು ದೂರ ನಿಂತೆವು. ಒರೆಸುವ ಬಟ್ಟೆ ಒಗೆಯುವವರೇ ನಾವಾದ್ದರಿಂದ ಅದಕ್ಕೇನೂ ಬರವಿರಲಿಲ್ಲ. ಹನ್ನೆರಡು ಜನ ಫೋಟೋ ತೆಗೆಸಿಕೊಳ್ಳುವವರ ಹಾಗೆ ಸಾಲಾಗಿ ನಿಂತದ್ದನ್ನು ನೋಡಿ ವಾರ್ಡಿನ ರೋಗಿಗಳು ಕಿಟಕಿಗೆ ಬಂದು ನಕ್ಕರು. ಯಂತ್ರ ಒಬ್ಬರನ್ನು ಒಪ್ಪಿತು. ಅವಳು ಹಿಂದಿನ ದಿನ ಕೆಲಸಕ್ಕೆ ಸೇರಿದವಳು.

ಆಸ್ಪತ್ರೆಯವರು ಈ ಯಂತ್ರಗಳನ್ನೆಲ್ಲ ವಾಪಸ್ ಕಳಿಸುತ್ತಾರೆ ಅಂತ ಒಂದು ಮಾತು ಓಡಾಡುತ್ತಿದೆ. ಬೇರೆ ಆಸ್ಪತ್ರೆಗಳಲ್ಲೂ ಹೀಗೇ ಅಂತೆ. ನಿಮ್ಮ ಕಿವಿಗೆ ಬೀಳಲಿ ಅಂತ ಬರೆದೆ.

ಇಸ್ತ್ರಿ ಮಾಡುವವಳೊಬ್ಬಳ ಹತ್ತಿರವೂ ಇದೇ ಷೇರು ನಾಲ್ಕಿತ್ತು. ಮೊನ್ನೆ ಮಾರಿಬಿಟ್ಟಳು. "ಅನ್ನ ಬೆಂದ್ಮೇಲೆ ಇಳಿಸ್ಬೇಕು ಅಕ್ಕಾ, ಇನ್ನೂ ಚೆನ್ನಾಗಿ ಬೇಯ್ಲಿ ಅಂತ ಕೂತ್ರೆ ತಳ ಹಿಡಿಯುತ್ತೆ" ಅಂದಳು. ಇದು ಅವಳ ಮಾತು, ನನ್ನದಲ್ಲ. ನಾನು ಹೇಳಿದೆ ಅಂತ ತಿಳಿಯಬೇಡಿ.

ಫಾರಮಿನಲ್ಲಿ ನನ್ನ ಸಹಿ ಸರಿಯಾಗಿದೆ ತಾನೇ? ಕಚೇರಿಯವರು ಏನಾದರೂ ತಕರಾರು ತೆಗೆದಿದ್ದರೆ ಈಗಲೇ ಹೇಳಿ. ಮಿಕ್ಕಂತೆ ನಿಮ್ಮ ಇಷ್ಟ.

ಇಂತಿ ನಿಮ್ಮ ಬೀಗಿತ್ತಿ


ಅಕ್ಟೋಬರ್ ೧೮

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಸಹಿ ಮುತ್ತಿನಂತಿದೆ, ಯಾವ ತಕರಾರೂ ಇಲ್ಲ. 'ನಿಮ್ಮ ಇಷ್ಟ' ಅಂತ ಎರಡನೇ ಸಲ ಬರೆದಿದ್ದೀರಿ. ಹೀಗೆ ಬಿಟ್ಟುಕೊಡುವ ಬೀಗರು ಎಷ್ಟು ಜನಕ್ಕೆ ಸಿಗುತ್ತಾರೆ?

ನಾಳೆ ಫಲಿತಾಂಶ. ಬೆಲೆ ಆರು ನೂರ ಎಪ್ಪತ್ತು ದಾಟಿದೆ. ಕ್ಷೌರಿಕ ನಾಳೆ ಹತ್ತು ಗಂಟೆಗೆ ಯಾರ ಗಡ್ಡವನ್ನೂ ಮುಟ್ಟುವುದಿಲ್ಲ ಅಂತ ಬೋರ್ಡು ಹಾಕಿದ್ದಾನೆ. ಇನ್ನೊಂದೇ ದಿನ.

ನಿಮ್ಮ ಬೀಗ


ಅಕ್ಟೋಬರ್ ೨೦

ಬೀಗಿತ್ತಿಯವರಿಗೆ,

ಹೇಗೆ ಬರೆಯಲಿ ಅಂತ ತಿಳಿಯುತ್ತಿಲ್ಲ. ಮೊದಲು ಒಳ್ಳೆಯ ಸುದ್ದಿ. ಕಂಪನಿಯ ಲಾಭ ಹೋದ ವರ್ಷಕ್ಕಿಂತ ಒಂದೂವರೆ ಪಟ್ಟು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಚಪ್ಪಾಳೆ ನಿಲ್ಲುವ ಮೊದಲೇ ಬೆಲೆ ಇಳಿಯತೊಡಗಿತು. ಆರು ನೂರು, ಐದು ನೂರ ನಲವತ್ತು, ಮಧ್ಯಾಹ್ನಕ್ಕೆ ನಾಲ್ಕು ನೂರ ಎಂಬತ್ತು. ಸಂಜೆ ಬಾಗಿಲು ಹಾಕುವಾಗ ನಾಲ್ಕು ನೂರ ಮೂವತ್ತು.

ಲಾಭ ಬಂದರೆ ಬೆಲೆ ಯಾಕೆ ಇಳಿಯಬೇಕು? ನೀವೇ ಹೇಳಿ! ತೊಂಬತ್ತು ಅಂಕ ತಂದ ಮಗುವಿಗೆ ಬೆತ್ತದ ಏಟು ಕೊಟ್ಟ ಹಾಗಾಯಿತು. ಮಾತಿನ ಕೊನೆಗೆ ಕಂಪನಿಯ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು, ಕೆಲವು ಆಸ್ಪತ್ರೆಗಳು ಯಂತ್ರಗಳನ್ನು ಹಿಂದಿರುಗಿಸಿವೆ, ಮುಂದಿನ ಮೂರು ತಿಂಗಳು ಸ್ವಲ್ಪ ಕಷ್ಟ ಅಂದನಂತೆ. ಅದೊಂದು ಸಾಲಿಗೆ ಇಷ್ಟು ರಂಪ. ಕಂಡಕ್ಟರ್ ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ಹೋದ. ಇವತ್ತೂ ಇನ್ನರ್ಧಕ್ಕೆ ಬಂದಿಲ್ಲ. ಔಷಧದಂಗಡಿಯವನು ಹದಿನೇಳಕ್ಕೇ ಮಾರಿದ್ದನಂತೆ, ಬಾಯೇ ಬಿಟ್ಟಿರಲಿಲ್ಲ. ಅವನ ಮುಖ ನೋಡಲು ಇಷ್ಟವಿಲ್ಲದೆ ಕಿವಿಯ ಹನಿ ಮದ್ದನ್ನು ಎರಡು ಬೀದಿ ಆಚೆಯಿಂದ ತಂದೆ.

ಇದು ಬರಿಯ ಗಾಬರಿಯ ಇಳಿತ, ನಾಲ್ಕಾರು ವಾರದಲ್ಲಿ ಏರಲೇಬೇಕು ಅಂತ ಕ್ಷೌರಿಕ ಹೇಳುತ್ತಾನೆ. ಮೂವತ್ತೊಂದರ ಗಡುವನ್ನು ಒಂದು ತಿಂಗಳು ಮುಂದಕ್ಕೆ ಹಾಕಲು ಆ ಮಾಲೀಕನನ್ನು ಕೇಳಿದರೆ ಹೇಗೆ? ಫಾರಂ ಇನ್ನೂ ನನ್ನ ಬಳಿಯೇ ಇದೆ. ಸ್ವಲ್ಪ ತಡೆಯೋಣವೇ? ತಮ್ಮ ಅಭಿಪ್ರಾಯವೇನು?

ನಿಮ್ಮ ಬೀಗ


ಅಕ್ಟೋಬರ್ ೨೩

ಬೀಗರೇ,

ಅಭಿಪ್ರಾಯ ಕೇಳಿದ್ದೀರಿ. ಮಾರಿ. ಈ ಕಾಗದವನ್ನು ಪೂರ್ತಿ ಓದಬೇಡಿ, ಎದ್ದು ಚಪ್ಪಲಿ ಹಾಕಿಕೊಂಡು ಹೋಗಿ ಮಾರಿ, ಬಂದು ಉಳಿದದ್ದು ಓದಿ.

ಬಂದಿರಾ? ಈಗ ಕೇಳಿ. ಸಹಿ ಹಾಕಿದ ಫಾರಂ ಯಾರಾದರೂ ಮೇಜಿನ ಖಾನೆಯಲ್ಲಿ ಇಡಲಿ ಅಂತ ಕಳಿಸುತ್ತಾರೆಯೇ? ತಲುಪಿದ ದಿನವೇ ತಾರೀಖು ಹಾಕಿ ಅಂತ ಬರೆದೆ. ಯಂತ್ರ ಕೆಟ್ಟದ್ದು ಅಂತ ಬರೆದೆ. ವಾಪಸ್ ಹೋಗುತ್ತಿವೆ ಅಂತ ಬರೆದೆ. ಅನ್ನ ತಳ ಹಿಡಿಯುತ್ತದೆ ಅಂತ ಪಾಪ ಆ ಇಸ್ತ್ರಿಯವಳ ಹೆಸರಿನಲ್ಲಿ ಬರೆದೆ. ಅವಳಿಗೆ ಷೇರೂ ಇಲ್ಲ ಏನೂ ಇಲ್ಲ, ಅದು ನನ್ನದೇ ಮಾತು! ಇಷ್ಟು ಹೇಳಿದರೂ ನಿಮ್ಮಿಂದ ಬಂದದ್ದೇನು? ಗದ್ದ ಎತ್ತಿ ನಿಲ್ಲಿ ಅಂತ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಪಾಡು. ಬೀಗರನ್ನು ಕೋಣ ಅಂದದ್ದಕ್ಕೆ ಕ್ಷಮೆ ಕೇಳಬೇಕು, ಇವತ್ತು ಕೇಳುವುದಿಲ್ಲ.

ವಾಪಸ್ ಹೋಗುತ್ತವೆ ಅನ್ನುವುದು ಎಲ್ಲೋ ಓಡಾಡಿದ ಮಾತಲ್ಲ. ಯಂತ್ರ ತೆಗೆಸಿ ಅಂತ ಬರೆದ ಅರ್ಜಿಗೆ ಮೊದಲ ಸಹಿ ನನ್ನದು. ಸೆಪ್ಟೆಂಬರಿನಲ್ಲೇ ಕೊಟ್ಟಿದ್ದೆವು. ಐದನೇ ತಾರೀಖು ದೊಡ್ಡ ಡಾಕ್ಟರು ನಮ್ಮನ್ನು ಕರೆದು, "ನಲವತ್ತು ಯಂತ್ರನೂ ಕಳಿಸ್ತಿದ್ದೀವಿ, ಇನ್ನು ಸುಮ್ನೆ ಕೆಲಸ ಮಾಡಿ" ಅಂದರು. ಆರನೇ ತಾರೀಖು ನಿಮಗೆ ಫಾರಂ ಕಳಿಸಿದೆ. ನೀವು ಹೆಮ್ಮೆಯಿಂದ ಆರಿಸಿದ ಕಂಪನಿಯ ಮೇಲೆ ನಾನೇ ದೂರು ಕೊಟ್ಟೆ ಅಂತ ಯಾವ ಬಾಯಲ್ಲಿ ಹೇಳಲಿ? ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು, ಒಪ್ಪಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಹಿಂದಿನ ಕೋಣೆ ನನಗಾಗಿ. ಮಗ ಸೊಸೆ ಇಬ್ಬರೂ ಕರೆದಿದ್ದರು. "ಆ ಆವಿ ಬಿಟ್ಟು ಬನ್ನಿ ಅತ್ತೆ, ಬೆಳಿಗ್ಗೆ ಕೌಂಟರಿನಲ್ಲಿ ಕೂತ್ಕೊಳ್ಳಿ, ಮಧ್ಯಾಹ್ನ ಕಾಲು ಚಾಚಿ ಮಲ್ಕೊಳ್ಳಿ" ಅಂತ ನಿಮ್ಮ ಮಗಳು ಹೇಳಿದಾಗ ನನ್ನ ಅಳು ಕಾಣಬಾರದು ಅಂತ ಎದ್ದು ಅಡಿಗೆಮನೆಗೆ ಹೋದೆ. ಆ ಕೋಣೆಗೆ ಒಂದು ಕಿಟಕಿ ಇದೆ, ಬೆಳಗಿನ ಬಿಸಿಲು ಬರುತ್ತದೆ. ಮಂಚ ಎಲ್ಲಿ ಹಾಕಬೇಕು ಅಂತಲೂ ನೋಡಿಟ್ಟಿದ್ದೆ. ಬೇಗ ಮಾರಿ ಅಂತ ಬಾಯಿಬಿಟ್ಟು ಹೇಳಿದರೆ ಗಂಡಿನ ತಾಯಿ ತನ್ನ ಕೋಣೆಗಾಗಿ ಆತುರಪಡುತ್ತಾಳೆ ಅಂದುಕೊಳ್ಳುತ್ತೀರಿ ಅಂತ ಹೆದರಿದೆ. ಈ ಸುಡುಗಾಡು ಮರ್ಯಾದೆ! ನೀವು ನನಗೆ ಬಿಡುವುದು, ನಾನು ನಿಮಗೆ ಬಿಡುವುದು, ಕಡೆಗೆ ಇಬ್ಬರೂ ಸೇರಿ ಬಿಟ್ಟದ್ದು ಮಕ್ಕಳ ಕೈ.

ಮಾಲೀಕ ಒಂದು ದಿನವೂ ಮುಂದೆ ಹಾಕುವವನಲ್ಲ. ಕೇಳಿಸಿ ನೋಡಿದ್ದಾಯಿತು.

ಬೀಗಿತ್ತಿ


ಅಕ್ಟೋಬರ್ ೨೭

ಬೀಗಿತ್ತಿಯವರಿಗೆ,

ಮಾರಿದೆ. ಕಾಗದ ನಿನ್ನೆ ಹನ್ನೊಂದಕ್ಕೆ ಬಂತು, ನೀವು ಹೇಳಿದಂತೆ ಮೊದಲ ಸಾಲಿಗೇ ಎದ್ದು ಹೋದೆ. ನಾಲ್ಕು ನೂರ ಹದಿನೈದು ಸಿಕ್ಕಿತು. ಹಣ ಮಕ್ಕಳ ಖಾತೆಗೆ ಹೋಗಿದೆ. ಎರಡೂ ಸೇರಿಸಿ ಕೊಳ್ಳಲು ಸಾಲದು. ಮಾಲೀಕ ಒಪ್ಪಿದರೆ ಮುಂದಿನ ಅಂಗಡಿಯಷ್ಟೇ ಬರುತ್ತದೆ. ನನ್ನ ಕಾರ್ಯಾಗಾರ ಮಾರಿ ತುಂಬಿಸೋಣವೆಂದರೆ ಅದೂ ಬಾಡಿಗೆಯದು. ಇರುವ ಸಾಮಾನು ಮಾರಿದರೆ ಆ ಕೋಣೆಯ ಬಾಗಿಲು ಬಂದೀತು.

ನಿಮ್ಮ ಉಳಿದ ಕಾಗದವನ್ನು ಮೂರು ಸಲ ಓದಿದೆ. ಕೋಣ ಅಂದಿರಿ. ಅದು ತಪ್ಪು. ಕೋಣಕ್ಕೆ ಕಿನ್ನರಿ ಅರ್ಥವಾಗುವುದಿಲ್ಲ. ನನಗೆ ಅರ್ಥವಾಗಿತ್ತು.

ಆರನೇ ತಾರೀಖಿನ ನಿಮ್ಮ ಕಾಗದ ಓದಿದ ಕೂಡಲೇ ಅರ್ಥವಾಗಿತ್ತು, ಈಕೆ ಇವತ್ತೇ ಮಾರಿ ಅನ್ನುತ್ತಿದ್ದಾರೆ ಅಂತ. ಅನ್ನ ತಳ ಹಿಡಿಯುವ ಮಾತು ಯಾರದ್ದು ಅಂತಲೂ ಗೊತ್ತಾಯಿತು. ಆದರೆ ಕೊನೆಯಲ್ಲಿ 'ನಿಮ್ಮ ಇಷ್ಟ' ಅಂತ ಬರೆದಿದ್ದಿರಿ. ನಾನು ಆ ಎರಡು ಪದಗಳನ್ನು ಹಿಡಿದುಕೊಂಡು ಉಳಿದದ್ದನ್ನು ಓದದವನಂತೆ ಕೂತೆ. ಮುಖ ಒರೆಸಿಕೊಳ್ಳಿ ಅಂತ ಬರೆಯುವಾಗ ನನಗೇ ನಾಚಿಕೆಯಾಗಿತ್ತು.

ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಜೀವನದಲ್ಲಿ ಹೇಳಿದ್ದು ಯಾವುದೂ ಸರಿಯಾಗಲಿಲ್ಲ. ಹೆಂಡತಿಗೆ ಸಾಮಾನ್ಯ ಕೆಮ್ಮು ಅಂದೆ, ಅದು ಸಾಮಾನ್ಯವಾಗಿರಲಿಲ್ಲ. ಕಬ್ಬಿಣದ ತಕ್ಕಡಿ ಎಂದೂ ಹೋಗುವುದಿಲ್ಲ ಅಂದೆ, ಎರಡು ವರ್ಷದಲ್ಲಿ ಬೀದಿಯಲ್ಲಿ ಒಂದೂ ಉಳಿಯಲಿಲ್ಲ. ಮದುವೆಯಲ್ಲಿ ಈ ಷೇರೇ ಕೊಳ್ಳೋಣ ಅಂದಾಗ ನಿಮ್ಮ ಮೈದುನರು ನಕ್ಕರು, ನನ್ನ ಮಗಳು ತಲೆ ತಗ್ಗಿಸಿದಳು. ನಾನು ಅದನ್ನು ನೋಡಿದೆ. ಎಂಟು ನೂರು ಅಂತ ಒಂದು ಸಲ ಟೀವಿಯಲ್ಲಿ ಬರಬೇಕಿತ್ತು, ನಮ್ಮಪ್ಪ ಹೇಳಿದ್ದು ಸರಿ ಅಂತ ಅವಳು ಒಂದು ಸಲ ಅನ್ನಬೇಕಿತ್ತು. ಅಷ್ಟಕ್ಕೆ ತಡೆದೆ. ಕಣ್ಣು ಪರೀಕ್ಷೆಯ ಹೊಸ ಯಂತ್ರ ಕೊಡಿಸುವುದೆಲ್ಲ ಮೇಲಿನ ಮಾತು.

ಆ ಕೋಣೆ ನಿಮಗಾಗಿ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಗಲೇ ಮಾರುತ್ತಿದ್ದೆನೇ? ಹೌದು ಅಂತ ಬರೆಯಲು ಮನಸ್ಸಾಗುತ್ತಿದೆ. ಖಚಿತವಾಗಿ ಹೇಳಲಾರೆ.

ಬೀಗ


ನವೆಂಬರ್ ೫

ಬೀಗರೇ,

ಮೂವತ್ತೊಂದಕ್ಕೆ ಮುಂದಿನ ಅಂಗಡಿ ಮಕ್ಕಳ ಹೆಸರಿಗಾಯಿತು. ಕಾಗದಪತ್ರ ಸರಿಯಾಗಿದೆ. ಹಿಂದಿನ ಕೋಣೆಯನ್ನು ಟೈರು ವ್ಯಾಪಾರಿಯೊಬ್ಬ ದಾಸ್ತಾನಿಗೆ ಕೊಂಡ. ಮಧ್ಯದ ಬಾಗಿಲಿಗೆ ಇಟ್ಟಿಗೆ ಹಾಕಿ ಮುಚ್ಚಿದ್ದಾರೆ, ಸುಣ್ಣ ಇನ್ನೂ ಆಗಿಲ್ಲ. ಕಿಟಕಿಯವರೆಗೂ ಟೈರು ಪೇರಿಸಿದ್ದಾನೆ.

ನನಗೆ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಮೇಲಧಿಕಾರಿಗೆ ಬರೆದಿಟ್ಟಿದ್ದ ರಾಜೀನಾಮೆ ಹರಿದು ಹಾಕಿದೆ.

ಇಷ್ಟೇ ವಿಷಯ.

ಬೀಗಿತ್ತಿ


ಡಿಸೆಂಬರ್ ೧

ಬೀಗಿತ್ತಿಯವರಿಗೆ ನಮಸ್ಕಾರಗಳು.

ತಿಂಗಳಾಯಿತು. ನಾಲ್ಕು ಕಾಗದ ಬರೆದು ಹರಿದೆ. ಇದನ್ನೂ ಹರಿಯುತ್ತೇನೇನೋ ಅನ್ನುವ ಭಯದಿಂದ ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ.

ಮುಚ್ಚಿಡುವ ಚಾಳಿ ಬಿಡಬೇಕು ಅಂತ ತೀರ್ಮಾನಿಸಿದ್ದೇನೆ, ಆದ್ದರಿಂದ ಮೊದಲು ಇದು. ಕಂಪನಿ ಯಂತ್ರವನ್ನು ತಿದ್ದಿ ಹೊಸದು ಬಿಟ್ಟಿದೆಯಂತೆ. ಇವತ್ತಿನ ಬೆಲೆ ಆರು ನೂರ ತೊಂಬತ್ತು. ಕ್ಷೌರಿಕ ಗಿರಾಕಿಗಳಿಗೆಲ್ಲ ಕಾಫಿ ಕೊಡಿಸಿದ. ನಾನು ಕುಡಿಯದೆ ಬಂದೆ. ಇದನ್ನು ನಿಮಗೆ ಹೇಳಿದರೆ ಗಾಯದ ಮೇಲೆ ಬರೆ ಅಂತ ಗೊತ್ತು. ಬೇರೆ ಯಾರಿಂದಲಾದರೂ ತಿಳಿಯುವುದು ಬೇಡ ಅನ್ನಿಸಿತು.

ಮಗಳಿಗೆ ಎಲ್ಲ ಹೇಳಿದೆ. ನಮ್ಮ ಒಪ್ಪಂದ ಮುರಿದೆ. ಫೋನಿನಲ್ಲಿ ಬಲಗಿವಿಯನ್ನು ಒತ್ತಿ ಹಿಡಿದುಕೊಂಡು, ಅವಳು ಏನನ್ನುತ್ತಾಳೆ ಅಂತ ಕಾದೆ. "ಅತ್ತೆಗೆ ಏನ್ ಹೇಳಿದ್ರಿ?" ಅಂತ ಕೇಳಿದಳು. ಕಾಗದದಲ್ಲಿ ಎಲ್ಲ ಬರೆದಿದ್ದೇನೆ ಅಂದೆ. "ಕಾಗದದಲ್ಲಿ!" ಅಂದಳು. ಆಮೇಲೆ ಇಟ್ಟುಬಿಟ್ಟಳು.

ಅಂಗಡಿಯನ್ನು ಒಮ್ಮೆ ನೋಡಬೇಕು ಅನ್ನಿಸುತ್ತಿದೆ. ನೀವು ಹೋಗುವ ದಿನಗಳನ್ನು ತಿಳಿಸಿದರೆ ಅವನ್ನು ತಪ್ಪಿಸಿ ಹೋಗಿ ಬರುತ್ತೇನೆ. ನಿಮಗೆ ಮುಜುಗರವಾಗುವುದು ಬೇಡ.

ಸಿಟ್ಟು ಸ್ವಲ್ಪವಾದರೂ ಇಳಿದಿದೆಯೇ?

ನಿಮ್ಮ ಬೀಗ


ಡಿಸೆಂಬರ್ ೬

ಬೀಗರೇ,

ಇಳಿದಿಲ್ಲ. ಆರು ನೂರ ತೊಂಬತ್ತು ಅಂತ ಓದಿದ ಮೇಲೆ ಏರಿದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆ ಮೊಣಕಾಲನ್ನು ನೆಲಕ್ಕೆ ಊರುವಾಗ ಮೊದಲು ನೆನಪಾಗುವುದು ನೀವೇ. ಒಳ್ಳೆಯದಕ್ಕಲ್ಲ.

ಅರ್ಥವಾಗಲಿಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಪಾಪ, ಕಿವಿ ಕೇಳದ ಮನುಷ್ಯ, ವಯಸ್ಸಾಯಿತು, ತಲೆಗೆ ಹೋಗಲಿಲ್ಲ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ನೀವು ನಿಜ ಹೇಳಿಬಿಟ್ಟಿರಿ. ಈಗ ಮರೆಯುವ ಹಾಗೂ ಇಲ್ಲ, ನಿಮ್ಮನ್ನು ಬಿಡುವ ಹಾಗೂ ಇಲ್ಲ. ಈ ಎಂಟು ವರ್ಷದಲ್ಲಿ ನನ್ನ ಹತ್ತಿರ ನಿಜ ಹೇಳಿದ ಮೊದಲ ಬೀಗರು ನೀವು, ಅದೂ ಇಂಥ ನಿಜ!

ನಿಮ್ಮ ಮಗಳು ಹೋದ ಭಾನುವಾರ ಬಂದಿದ್ದಳು. ಬಸ್ಸಿನಲ್ಲಿ ಆರು ಗಂಟೆ ಕೂತು ಬಂದಳು. ಬಂದವಳೇ ಬಿಸಿನೀರು ಕಾಸಿ, ನೆಲದ ಮೇಲೆ ಕೂತು ನನ್ನ ಮೊಣಕಾಲಿಗೆ ಬಟ್ಟೆ ಅದ್ದಿ ಇಟ್ಟಳು. ಸಾಕು ಬಿಡೇ ಅಂದೆ. "ಸುಮ್ನಿರಿ" ಅಂದಳು. ಅಷ್ಟು ಹೊತ್ತಿನಲ್ಲಿ ನಿಮ್ಮನ್ನು ಬೈಯಲು ನನ್ನ ನಾಲಿಗೆ ಮೇಲೆ ಏನೇನೋ ಬಂತು, ಅವಳ ಎದುರಿಗೆ ನಿಮ್ಮನ್ನು ಬೈಯಲಾಗಲಿಲ್ಲ. ಅದೆಲ್ಲ ಇನ್ನೂ ನನ್ನ ಹೊಟ್ಟೆಯಲ್ಲೇ ಇದೆ.

ನಾನು ಇರುವ ದಿನ ತಪ್ಪಿಸಿ ಹೋಗುತ್ತೀರಂತೆ. ಮುಜುಗರ ನನಗಾಗುತ್ತದಂತೆ. ತಪ್ಪು ಮಾಡಿದವರು ನೀವು, ಬಚ್ಚಿಟ್ಟುಕೊಳ್ಳಬೇಕಾದವಳು ನಾನೋ?

ಇಪ್ಪತ್ತೊಂದನೇ ತಾರೀಖು ನಾನು ಅಂಗಡಿಗೆ ಹೋಗುತ್ತಿದ್ದೇನೆ. ನೀವೂ ಬನ್ನಿ. ಹನ್ನೊಂದು ಗಂಟೆಗೆ ಅಂದರೆ ಹನ್ನೊಂದು ಗಂಟೆಗೆ. ಕೌಂಟರಿನ ಹಿಂದೆ ಎರಡು ಸ್ಟೂಲು ಇವೆ. ನಿಮ್ಮ ಬಲಗಿವಿ ನನ್ನ ಕಡೆಗೆ ಬರುವ ಹಾಗೆ ಕೂತುಕೊಳ್ಳಿ, ನನಗೆ ಬೈಯುವುದು ತುಂಬ ಇದೆ, ಎರಡು ಸಲ ಹೇಳುವಷ್ಟು ತ್ರಾಣವಿಲ್ಲ.

ಬೀಗಿತ್ತಿ